ಎರಡನೆಯ ರಾತ್ರಿಗೆ ಕಾದ ಚುಕ್ಕಿ

ಆಷಾಢದ ಮಳೆ ಹಿಡಿದು ಹದಿನೆಂಟು ದಿನಗಳಾಗಿದ್ದವು. ನಮ್ಮ ಊರಿನ ಮೇಲೆ ಒಂದೇ ಒಂದು ನಕ್ಷತ್ರವೂ ಕಾಣದ ಆ ದಿನಗಳಲ್ಲಿ, ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತನೆಯ ತರಗತಿಯ ಮೂವರು ಮಕ್ಕಳ ಜೊತೆ ಕುಳಿತು ನಾನು ಹವಾಯಿ ದ್ವೀಪದ ಆಕಾಶವನ್ನು ನೋಡುತ್ತಿದ್ದೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಪರದೆಯ ಮೇಲೆ ಬೆರಳಿಟ್ಟು ತೋರಿಸಿಯೇ ಮಾತನಾಡಬೇಕಾಗಿತ್ತು. ಆ ಸಂಜೆ ಒಬ್ಬ ಹುಡುಗಿ ಬೆರಳಿಟ್ಟ ಜಾಗದಲ್ಲಿ ಒಂದು ಚುಕ್ಕಿಯಿತ್ತು. ಅದು ಏನು, ಅದನ್ನು ಕಂಡದ್ದು ಹೇಗೆ, ಕಂಡ ಮೇಲೆ ಅದರ ಪಾಡು ಏನಾಯಿತು ಎಂಬುದನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳು ಕ್ಷುದ್ರಗ್ರಹ ಕಂಡುಹಿಡಿದರೆಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿರುತ್ತೇವೆ. ಆ ಒಂದು ಸಾಲಿನ ಸುದ್ದಿಯ ಹಿಂದೆಯೂ ಮುಂದೆಯೂ ಎಷ್ಟು ಕೆಲಸವಿದೆ ಎಂಬುದು ನನಗೆ ಅದನ್ನು ಮಾಡಿದ ಮೇಲೆಯೇ ತಿಳಿಯಿತು.

ನಾವು ಸೇರಿದ್ದು ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲಾಬರೇಶನ್ ಎಂಬ ಕಾರ್ಯಕ್ರಮಕ್ಕೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಹಾರ್ಡಿನ್-ಸಿಮನ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಬೋಧಿಸುತ್ತಿದ್ದ ಪ್ಯಾಟ್ರಿಕ್ ಮಿಲ್ಲರ್ ಅವರು 2006ರಲ್ಲಿ ಆರಂಭಿಸಿದ ಈ ಕಾರ್ಯಕ್ರಮದಲ್ಲಿ ಶಾಲೆಗಳಾಗಲಿ ಹವ್ಯಾಸಿಗಳಾಗಲಿ ಶುಲ್ಕವಿಲ್ಲದೆ ಸೇರಬಹುದು. ಒಂದು ತಂಡ ಕಟ್ಟಿಕೊಂಡು ಹೆಸರು ನೋಂದಾಯಿಸಿದರೆ, ಸುಮಾರು ಒಂದು ತಿಂಗಳ ಕಾಲ ದೊಡ್ಡ ದೂರದರ್ಶಕಗಳು ತೆಗೆದ ಹೊಸ ಚಿತ್ರಗಳನ್ನು ನಮ್ಮ ಪಾಲಿಗೆ ಹಂಚುತ್ತಾರೆ. ನಮಗೆ ಬಂದ ಚಿತ್ರಗಳು ಹವಾಯಿಯ ಮಾವಿ ದ್ವೀಪದಲ್ಲಿ ಹಲೆಯಾಕಲಾ ಎಂಬ ಜ್ವಾಲಾಮುಖಿಯ ನೆತ್ತಿಯ ಮೇಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕದವು. ಅದರ ಕನ್ನಡಿಯ ವ್ಯಾಸ 1.8 ಮೀಟರ್, ಕ್ಯಾಮೆರಾದಲ್ಲಿ 140 ಕೋಟಿ ಪಿಕ್ಸೆಲ್‌ಗಳಿವೆ. ಇಂಥ ಉಪಕರಣದ ಒಂದು ರಾತ್ರಿಯ ಕೆಲಸದಲ್ಲಿ ಒಂದು ಚೂರು ನಮ್ಮ ಶಾಲೆಯ ನಾಲ್ಕು ಹಳೆಯ ಕಂಪ್ಯೂಟರ್‌ಗಳಿಗೆ ಬಂದು ತಲುಪುತ್ತದೆ ಎಂಬುದನ್ನು ಮೊದಲ ದಿನ ನಾನೇ ಪೂರ್ತಿ ನಂಬಿರಲಿಲ್ಲ.

ಚಿತ್ರಗಳು ನಾಲ್ಕು ನಾಲ್ಕರ ಕಟ್ಟಾಗಿ ಬರುತ್ತವೆ. ಆಕಾಶದ ಒಂದೇ ತುಣುಕನ್ನು ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ, ಪ್ರತಿ ಸಲವೂ ಮುಕ್ಕಾಲು ನಿಮಿಷದಷ್ಟು ಬೆಳಕು ಹಿಡಿದು, ನಾಲ್ಕು ಬಾರಿ ತೆಗೆದವು ಅವು. ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಮೊಬೈಲಿನ ಸಿಗ್ನಲ್ ಸ್ವಲ್ಪ ಚೆನ್ನಾಗಿರುವ ಹೊತ್ತಿನಲ್ಲಿ ಅವನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಹಾಕಿ ಬೆಳಿಗ್ಗೆ ಶಾಲೆಗೆ ಒಯ್ಯುತ್ತಿದ್ದೆ. ಸಂಜೆ ನಾಲ್ಕೂವರೆಗೆ ತರಗತಿಗಳು ಬಿಟ್ಟ ಮೇಲೆ ನಮ್ಮ ಕೆಲಸ ಶುರುವಾಗುತ್ತಿತ್ತು. ಅಳತೆಗೆ ಬಳಸುವ ತಂತ್ರಾಂಶದ ಹೆಸರು ಆಸ್ಟ್ರೋಮೆಟ್ರಿಕಾ. ಆಸ್ಟ್ರಿಯಾ ದೇಶದ ಹರ್ಬರ್ಟ್ ರಾಬ್ ಅವರು ಬರೆದದ್ದು. ನಾಲ್ಕು ಚಿತ್ರಗಳನ್ನು ತೆರೆದು, ಚಿತ್ರದಲ್ಲಿರುವ ನಕ್ಷತ್ರಗಳನ್ನು ನಕ್ಷತ್ರಪಟ್ಟಿಯೊಂದಿಗೆ ಹೊಂದಿಸಲು ಹೇಳಿದರೆ, ಅದು ಪ್ರತಿಯೊಂದು ಪಿಕ್ಸೆಲ್ಲಿಗೂ ಆಕಾಶದ ವಿಳಾಸವನ್ನು ಬರೆದುಕೊಂಡು ಬಿಡುತ್ತದೆ. ಆಮೇಲೆ ಈಗಾಗಲೇ ಗೊತ್ತಿರುವ ಕ್ಷುದ್ರಗ್ರಹಗಳ ಪಟ್ಟಿಯನ್ನು ಅದರ ಮೇಲೆ ಹೊದಿಸಬೇಕು. ತಿಳಿದಿರುವ ಕ್ಷುದ್ರಗ್ರಹಗಳ ಸಂಖ್ಯೆ ಇಂದು ಹದಿಮೂರು ಲಕ್ಷವನ್ನು ದಾಟಿದೆಯಾದ್ದರಿಂದ ಒಂದೊಂದು ಕಟ್ಟಿನಲ್ಲೂ ಅಂಥ ಹಲವು ಹೆಸರುಗಳು ಮೂಡುತ್ತವೆ. ಹೆಸರಿಲ್ಲದೆಯೂ ಚಲಿಸುತ್ತಿರುವುದು ಯಾವುದಾದರೂ ಇದೆಯೇ ಎಂದು ಹುಡುಕುವುದೇ ಮಕ್ಕಳ ಕೆಲಸ.

ಹುಡುಕುವ ವಿಧಾನ ಸರಳ, ಆದರೆ ಕಣ್ಣಿಗೆ ಕಠಿಣ. ಬಿಳಿಯ ಹಿನ್ನೆಲೆಯಲ್ಲಿ ನಕ್ಷತ್ರಗಳು ಕಪ್ಪು ಚುಕ್ಕಿಗಳಾಗಿ ಕಾಣುವಂತೆ ಚಿತ್ರವನ್ನು ತಿರುವುಮುರುವು ಮಾಡಿ, ನಾಲ್ಕನ್ನೂ ಒಂದರ ಮೇಲೊಂದು ಸರದಿಯಲ್ಲಿ ಬೇಗಬೇಗ ತೋರಿಸುತ್ತಾರೆ. ಇದಕ್ಕೆ ಬ್ಲಿಂಕ್ ಮಾಡುವುದು ಎನ್ನುತ್ತಾರೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಕ್ಷುದ್ರಗ್ರಹ ಮಾತ್ರ ಒಂದು, ಎರಡು, ಮೂರು, ನಾಲ್ಕು ಎಂದು ಹೆಜ್ಜೆಯಿಟ್ಟು ಮತ್ತೆ ಮೊದಲ ಜಾಗಕ್ಕೆ ಹಾರುತ್ತದೆ. ನಮ್ಮ ಪರದೆಯ ಮೇಲೆ ಒಂದು ಹೆಜ್ಜೆಯ ಉದ್ದ ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನಷ್ಟು. ಆಕಾಶದ ಅಳತೆಯಲ್ಲಿ ಹೇಳುವುದಾದರೆ, ಮಂಗಳ ಮತ್ತು ಗುರುಗಳ ನಡುವಿನ ಮುಖ್ಯ ಪಟ್ಟಿಯಲ್ಲಿರುವ ಕ್ಷುದ್ರಗ್ರಹ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುವಾಗ ಗಂಟೆಗೆ ಸುಮಾರು 35 ವಿಕಲೆಗಳಷ್ಟು ಸರಿಯುತ್ತದೆ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ವಿಕಲೆ). ಪೂರ್ಣಚಂದ್ರನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಅದಕ್ಕೆ ಎರಡು ದಿನಕ್ಕೂ ಹೆಚ್ಚು ಕಾಲ ಬೇಕು.

ಎರಡನೆಯ ವಾರದಲ್ಲಿ ಮಕ್ಕಳೇ ಒಂದು ಸಂಗತಿಯನ್ನು ಗಮನಿಸಿದರು. ಪಟ್ಟಿಯಲ್ಲಿರುವ ನಿಜವಾದ ಕ್ಷುದ್ರಗ್ರಹಗಳೆಲ್ಲ ಬಹುಮಟ್ಟಿಗೆ ಒಂದೇ ದಿಕ್ಕಿಗೆ, ಪರದೆಯ ಎಡದಿಂದ ಬಲಕ್ಕೆ ಸರಿಯುತ್ತಿದ್ದವು. ಆಕಾಶದ ಚಿತ್ರದಲ್ಲಿ ಎಡಭಾಗ ಪೂರ್ವ, ಬಲಭಾಗ ಪಶ್ಚಿಮ. ಅಂದರೆ ಅವು ಪಶ್ಚಿಮಕ್ಕೆ, ಹಿಮ್ಮುಖವಾಗಿ ನಡೆಯುವಂತೆ ತೋರುತ್ತಿದ್ದವು. ಎತ್ತಿನಗಾಡಿಯನ್ನು ಬಸ್ಸು ದಾಟಿ ಹೋಗುವಾಗ ಬಸ್ಸಿನೊಳಗಿನವರಿಗೆ ಗಾಡಿ ಹಿಂದೆ ಹಿಂದೆ ಸರಿದಂತೆ ಕಾಣುವುದಿಲ್ಲವೇ, ಹಾಗೆಯೇ ಇದು. ಒಳಗಿನ ಕಕ್ಷೆಯಲ್ಲಿ ಬೇಗ ಸಾಗುವ ನಮ್ಮ ಭೂಮಿ ಹೊರಗಿನ ನಿಧಾನದ ಕಲ್ಲನ್ನು ಹಿಂದಿಕ್ಕುತ್ತಿದೆ. ಪಠ್ಯಪುಸ್ತಕದಲ್ಲಿ ವಕ್ರಗತಿಯ ಚಿತ್ರವನ್ನು ನಾನು ಎಷ್ಟೋ ವರ್ಷ ಬರೆಸಿದ್ದೇನೆ. ಆದರೆ ಚುಕ್ಕಿ ಬಲಕ್ಕೇ ಸರಿಯಬೇಕು, ಎಡಕ್ಕೆ ಸರಿದರೆ ಅನುಮಾನಿಸಬೇಕು ಎಂಬ ಕೆಲಸದ ನಿಯಮವಾಗಿ ಅದು ಮಕ್ಕಳ ಕೈಗೆ ಸಿಕ್ಕಿದ್ದು ಆ ದಿನವೇ.

ಅದಕ್ಕೂ ಮುಂಚೆ ನಾವು ಒಂದು ತಪ್ಪು ಮಾಡಿದ್ದೆವು, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ವಾರದ ಒಂದು ಕಟ್ಟಿನಲ್ಲಿ ಮೂರು ಕಡು ಕಪ್ಪು ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ನಾಲ್ಕನೆಯ ಚಿತ್ರದಲ್ಲಿ ಅದು ಇರಬೇಕಾದ ಜಾಗದಲ್ಲಿ ಕ್ಯಾಮೆರಾದ ಬೆಳಕು ಹಿಡಿಯುವ ಬಿಲ್ಲೆಗಳ ನಡುವಿನ ಖಾಲಿ ಪಟ್ಟಿಯಿತ್ತು. ಆ ಪಟ್ಟಿಯಲ್ಲಿ ಮರೆಯಾಗಿದೆ ಎಂದು ನಾನೇ ತೀರ್ಮಾನಿಸಿ ವರದಿ ಕಳುಹಿಸಿದೆ. ಅದನ್ನು ಅಂಗೀಕರಿಸಲಿಲ್ಲ. ಮತ್ತೆ ತೆರೆದು ನೋಡಿದಾಗ ಕಾರಣ ಸ್ಪಷ್ಟವಾಗಿತ್ತು. ನಕ್ಷತ್ರವಾಗಲಿ ಕ್ಷುದ್ರಗ್ರಹವಾಗಲಿ, ಅದರ ಬೆಳಕು ವಾತಾವರಣದಲ್ಲಿ ಅಲುಗಾಡಿ ಹಲವು ಪಿಕ್ಸೆಲ್‌ಗಳ ಮೇಲೆ ಹರಡಿ ಬೀಳುತ್ತದೆ. ಅದರ ಉಜ್ವಲತೆಯ ನಕ್ಷೆ ಬರೆದರೆ ನಡುವೆ ಎತ್ತರವಾಗಿ ಎರಡೂ ಕಡೆ ನಯವಾಗಿ ಇಳಿಯುವ ಗಂಟೆಯ ಆಕಾರ ಬರಬೇಕು. ನಮ್ಮ ಮೂರು ಚುಕ್ಕಿಗಳ ನಕ್ಷೆಯಲ್ಲಿ ಗೂಟ ನೆಟ್ಟಂತೆ ಒಂದೊಂದೇ ಪಿಕ್ಸೆಲ್ ಎದ್ದು ನಿಂತಿತ್ತು. ಒಂದು ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ವೇಗವಾಗಿ ಬಂದ ಕಣ, ಬಡಿದ ಗುರುತು, ಇನ್ನೆರಡು ಕೆಟ್ಟ ಪಿಕ್ಸೆಲ್‌ಗಳು. ಆಕಾಶದಿಂದ ಬಂದ ಬೆಳಕೇ ಅಲ್ಲದ ಮೂರು ಗುರುತುಗಳನ್ನು ಸಾಲಾಗಿ ಜೋಡಿಸಿಕೊಂಡು ಬಿಟ್ಟಿದ್ದೆವು. ಕಾಣಬೇಕೆಂಬ ಆಸೆ ಕಣ್ಣಿಗಿಂತ ಮುಂದೆ ಓಡಿತ್ತು. ಅಂದಿನಿಂದ ಒಂದು ಪಟ್ಟು ಹಿಡಿದೆವು: ಮೂವರೂ ಬೇರೆ ಬೇರೆಯಾಗಿ ನೋಡಬೇಕು, ಒಬ್ಬರು ಕಂಡದ್ದನ್ನು ಇನ್ನಿಬ್ಬರಿಗೆ ಹೇಳಬಾರದು, ಮೂವರ ಕಾಗದದಲ್ಲೂ ಒಂದೇ ಜಾಗ ಗುರುತಾಗಿದ್ದರೆ ಮಾತ್ರ ವರದಿ ಕಳುಹಿಸಬೇಕು.

ಮಳೆಯ ಆ ಸಂಜೆ ಹುಡುಗಿ ಬೆರಳಿಟ್ಟ ಚುಕ್ಕಿ ಇಬ್ಬರ ಕಾಗದದಲ್ಲಿ ಇತ್ತು, ಮೂರನೆಯವನ ಕಾಗದದಲ್ಲಿ ಇರಲಿಲ್ಲ. ಅವನದು ತಪ್ಪೆಂದು ಹೇಳುವಂತಿಲ್ಲ, ಯಾಕೆಂದರೆ ಅಷ್ಟು ಮಸುಕಾಗಿತ್ತು ಅದು. ಮಕರ ರಾಶಿಯ ದಿಕ್ಕಿನ ಒಂದು ಕಟ್ಟು. ಸಾಧಾರಣ ನಕ್ಷತ್ರವೊಂದರ ಬಲಕ್ಕೆ, ಧೂಳಿನ ಕಲೆಯಂತಹ ಒಂದು ಬೂದು ಗುರುತು. ಒಂದೊಂದೇ ಚಿತ್ರದಲ್ಲಿ ನೋಡಿದರೆ ಕಾಣುವುದಿಲ್ಲ, ಬ್ಲಿಂಕ್ ಮಾಡಿದಾಗ ಮಾತ್ರ ಯಾರೋ ಮೆಲ್ಲಗೆ ನಡೆದುಹೋದಂತೆ ತಿಳಿಯುತ್ತದೆ. ಪಟ್ಟಿಯಿಂದ ಬಂದ ಹೆಸರು ಅದರ ಪಕ್ಕದಲ್ಲಿ ಇರಲಿಲ್ಲ. ನಾನು ಮೊದಲ ಚಿತ್ರದಲ್ಲಿ ಅದರ ಮೇಲೆ ಕ್ಲಿಕ್ ಮಾಡಿದೆ. ಸಣ್ಣ ಕಿಟಕಿ ತೆರೆದು ನಕ್ಷೆ ಮೂಡಿತು: ಎತ್ತರ ಕಡಿಮೆ, ಅಂಚು ಸ್ವಲ್ಪ ಒರಟು, ಆದರೆ ಗಂಟೆಯ ಆಕಾರ ಇದ್ದೇ ಇತ್ತು. ಸಂಕೇತಕ್ಕೂ ಗದ್ದಲಕ್ಕೂ, ಅಂದರೆ ಚುಕ್ಕಿಯ ಬೆಳಕಿಗೂ ಹಿನ್ನೆಲೆಯ ಏರುಪೇರಿಗೂ, ಇರುವ ಅನುಪಾತ 6ರ ಆಸುಪಾಸಿನಲ್ಲಿತ್ತು. 5ಕ್ಕಿಂತ ಕೆಳಗಿಳಿದರೆ ನೆಚ್ಚಬಾರದೆಂದು ನಾವು ಕಲಿತಿದ್ದೆವು. ಎರಡನೆಯ ಚಿತ್ರದಲ್ಲೂ ಮೂರನೆಯದರಲ್ಲೂ ಹಾಗೆಯೇ. ನಾಲ್ಕನೆಯದಕ್ಕೆ ಹೋಗುವಾಗ ವಿದ್ಯುತ್ ಹೋಯಿತು.

ಯುಪಿಎಸ್ ಇದ್ದದ್ದು ಒಂದೇ ಯಂತ್ರಕ್ಕೆ, ಅದು ನಾವು ಕುಳಿತ ಯಂತ್ರವಾಗಿರಲಿಲ್ಲ. ಅರ್ಧ ಗಂಟೆ ಕತ್ತಲಲ್ಲಿ ಕುಳಿತೆವು. ಯಾರೂ ಮನೆಗೆ ಹೋಗೋಣವೆನ್ನಲಿಲ್ಲ. ವಿದ್ಯುತ್ ಬಂದ ಮೇಲೆ ಮೊದಲಿನಿಂದ ಶುರುಮಾಡಿ ನಾಲ್ಕೂ ಚಿತ್ರಗಳಲ್ಲಿ ಅಳೆದೆವು. ನಾಲ್ಕು ಜಾಗಗಳು ಒಂದೇ ಸರಳರೇಖೆಯಲ್ಲಿದ್ದವು. ಒಂದೊಂದರ ನಡುವಿನ ಅಂತರ ಚಿತ್ರ ತೆಗೆದ ಸಮಯಗಳಿಗೆ ಸರಿಯಾಗಿ ಹೊಂದುತ್ತಿತ್ತು. ಕಾಂತಿಮಾನ, ಅಂದರೆ ಹೊಳಪಿನ ಅಳತೆ, ನಾಲ್ಕರಲ್ಲೂ 21.2ರ ಸುತ್ತಮುತ್ತ; ಈ ಅಂಕಿ ಹೆಚ್ಚಿದಷ್ಟೂ ಚುಕ್ಕಿ ಮಸುಕು. ಬರಿಗಣ್ಣಿಗೆ ಕಾಣುವ ಅತ್ಯಂತ ಮಸುಕಾದ ನಕ್ಷತ್ರದ ಬೆಳಕನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬೆಳಕು ಅದು. ಮೂರನೆಯ ಹುಡುಗ ಈಗ ತಾನೂ ನೋಡುತ್ತೇನೆಂದು ಕುರ್ಚಿ ಎಳೆದುಕೊಂಡು ಕುಳಿತು, ಬಹಳ ಹೊತ್ತು ಬ್ಲಿಂಕ್ ಮಾಡಿ ನೋಡಿ, ತನ್ನ ಕಾಗದದಲ್ಲಿ ಆ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡ.

ವರದಿ ಎಂದರೆ ಗದ್ಯವಲ್ಲ. ಒಂದು ಅಳತೆಗೆ ಒಂದು ಸಾಲು, ಒಂದು ಸಾಲಿಗೆ 80 ಅಕ್ಷರಗಳ ಜಾಗ. ಯಾವ ಜಾಗದಲ್ಲಿ ಏನಿರಬೇಕೆಂಬುದು ನಿಗದಿಯಾಗಿದೆ: ನಾವು ಕೊಟ್ಟ ತಾತ್ಕಾಲಿಕ ಗುರುತು, ದಿನಾಂಕವೂ ಸಮಯವೂ ಸೇರಿ ದಶಮಾಂಶದಲ್ಲಿ, ಆಕಾಶದಲ್ಲಿ ಅದರ ಎರಡು ನಿರ್ದೇಶಾಂಕಗಳು, ಕಾಂತಿಮಾನ, ಕೊನೆಯಲ್ಲಿ ವೀಕ್ಷಣಾಲಯದ ಸಂಕೇತ. ಹಲೆಯಾಕಲಾದ ಆ ದೂರದರ್ಶಕದ ಸಂಕೇತ ಎಫ್51. ನಾಲ್ಕು ಸಾಲುಗಳ ವರದಿ ಆ ರಾತ್ರಿಯೇ ಹೋಯಿತು. ಕೆಲವು ದಿನಗಳ ನಂತರ ಕಾರ್ಯಕ್ರಮದವರ ಪಟ್ಟಿಯಲ್ಲಿ ನಮ್ಮ ತಂಡದ ಹೆಸರಿನ ಮುಂದೆ 'ಪ್ರಾಥಮಿಕ' ಎಂಬ ಗುರುತಿನೊಂದಿಗೆ ಒಂದು ವಸ್ತು ದಾಖಲಾಯಿತು. ಶಾಲೆಯಲ್ಲಿ ಸಂಭ್ರಮವಾಯಿತು. ಪ್ರಾರ್ಥನೆಯ ಹೊತ್ತಿಗೆ ಮೂವರನ್ನೂ ಮುಂದೆ ಕರೆದು ಚಪ್ಪಾಳೆ ತಟ್ಟಿಸಿದರು. ನಾನು ಮಾತ್ರ ಎಲ್ಲರ ಮುಂದೆ ಒಂದು ಮಾತು ಸೇರಿಸಲೇಬೇಕಾಯಿತು: ಇದು ಇನ್ನೂ ಕಂಡುಹಿಡಿದಂತಲ್ಲ, ಇದನ್ನು ಯಾರಾದರೂ ಇನ್ನೊಂದು ರಾತ್ರಿ ನೋಡಬೇಕು.

ಆ ಎರಡನೆಯ ರಾತ್ರಿ ಏಕೆ ಬೇಕೆಂಬುದೇ ಈ ಇಡೀ ವಿಷಯದ ತಿರುಳು. ಒಂದು ಗಂಟೆಯ ನಾಲ್ಕು ಚುಕ್ಕಿಗಳಿಂದ ಒಂದು ದಿಕ್ಕೂ ಒಂದು ವೇಗವೂ ಗೊತ್ತಾಗುತ್ತವೆ. ದೂರ ಗೊತ್ತಾಗುವುದಿಲ್ಲ. ಹತ್ತಿರದ ಚಿಕ್ಕ ಕಲ್ಲೂ ದೂರದ ದೊಡ್ಡ ಕಲ್ಲೂ ಒಂದು ಗಂಟೆಯ ಮಟ್ಟಿಗೆ ಒಂದೇ ರೀತಿ ಸರಿಯಬಹುದು, ಆ ಪುಟ್ಟ ಗೆರೆಗೆ ಒಪ್ಪುವ ಕಕ್ಷೆಗಳು ಅಸಂಖ್ಯ. ಗೆರೆ ಉದ್ದವಾಗಿ ಅದರ ಬಾಗು ಕಾಣತೊಡಗಿದಾಗಲೇ ಕಕ್ಷೆ ಹಿಡಿತಕ್ಕೆ ಬರುವುದು. ಮೊಟ್ಟಮೊದಲ ಕ್ಷುದ್ರಗ್ರಹದ ಕಥೆಯೂ ಇದೇ. ಸಿಸಿಲಿಯ ಪಲೆರ್ಮೋದಲ್ಲಿ ಜ್ಯುಸೆಪ್ಪೆ ಪಿಯಾಟ್ಸಿ ಅವರು 1801ರ ಜನವರಿ 1ರ ರಾತ್ರಿ ನಕ್ಷತ್ರಪಟ್ಟಿಯ ಕೆಲಸದಲ್ಲಿದ್ದಾಗ ಸೀರಿಸ್ ಅನ್ನು ಕಂಡರು. ಮರುರಾತ್ರಿ ಅದು ಜರುಗಿದ್ದನ್ನು ನೋಡಿಯೇ ಅದು ನಕ್ಷತ್ರವಲ್ಲವೆಂದು ಅವರಿಗೆ ತಿಳಿದದ್ದು. ಫೆಬ್ರವರಿ 11ರವರೆಗೆ ಹಿಂಬಾಲಿಸಿದರು, ಕಾಯಿಲೆ ಬಿದ್ದರು, ಅಷ್ಟರಲ್ಲಿ ಅದು ಸೂರ್ಯನ ಪ್ರಭೆಯಲ್ಲಿ ಮುಳುಗಿತು. ಮತ್ತೆ ಹೊರಬರುವ ಹೊತ್ತಿಗೆ ಎಲ್ಲಿ ಹುಡುಕಬೇಕೆಂದು ಯುರೋಪಿನ ಖಗೋಳಜ್ಞರಿಗೆ ತಿಳಿಯದಾಯಿತು. ಇಪ್ಪತ್ತನಾಲ್ಕು ವರ್ಷದ ಜರ್ಮನ್ ಗಣಿತಜ್ಞ ಗಾಸ್ ಅವರು ಆ ಚೂರು ಅಳತೆಗಳಿಂದಲೇ ಕಕ್ಷೆಯನ್ನು ಲೆಕ್ಕಹಾಕುವ ಹೊಸ ದಾರಿಯನ್ನು ಕಟ್ಟಿದರು. ಅವರು ಹೇಳಿದ ಜಾಗದ ಬಳಿಯೇ ಆ ವರ್ಷದ ಕೊನೆಯ ರಾತ್ರಿ ಖಗೋಳಜ್ಞ ಫಾನ್ ಝಾಕ್ ಅವರಿಗೆ ಸೀರಿಸ್ ಮತ್ತೆ ಸಿಕ್ಕಿತು. ಪಿಯಾಟ್ಸಿ ಅವರ ಬಳಿ ನಲವತ್ತು ದಿನಗಳ ಅಳತೆಯಿತ್ತು. ನಮ್ಮ ಬಳಿ ಇದ್ದದ್ದು ಒಂದು ಗಂಟೆಯದು.

ಎರಡನೆಯ ರಾತ್ರಿಯ ಸುದ್ದಿ ಬರಲು ಹಲವು ವಾರಗಳೇ ಹಿಡಿದವು. ಆಗಸ್ಟಿನಲ್ಲಿ ತೆಗೆದ ಬೇರೆ ಚಿತ್ರಗಳಲ್ಲಿ ಅದೇ ವಸ್ತು ಸಿಕ್ಕಿತ್ತು. ಅಮೆರಿಕದ ಕೇಂಬ್ರಿಡ್ಜಿನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್, ಅಂದರೆ ಲೋಕದ ಎಲ್ಲ ಕ್ಷುದ್ರಗ್ರಹಗಳ ಅಳತೆಗಳು ಸೇರುವ ಕಣಜ, ಅದಕ್ಕೆ ತಾತ್ಕಾಲಿಕ ಹೆಸರು ಕೊಟ್ಟಿತು. ಈ ಹೆಸರಿಡುವ ಕ್ರಮ ಬಹಳ ಚೊಕ್ಕವಾಗಿದೆ. ಮೊದಲು ವರ್ಷ. ಆಮೇಲಿನ ಅಕ್ಷರ ವರ್ಷದ ಯಾವ ಅರ್ಧ ತಿಂಗಳೆಂಬುದನ್ನು ಹೇಳುತ್ತದೆ: ಜನವರಿಯ ಮೊದಲರ್ಧಕ್ಕೆ ಎ, ಎರಡನೆಯರ್ಧಕ್ಕೆ ಬಿ, ಹೀಗೆ ಐ ಅಕ್ಷರವನ್ನು ಬಿಟ್ಟು ಡಿಸೆಂಬರಿನ ಕೊನೆಗೆ ವೈ. ಮುಂದಿನ ಅಕ್ಷರವೂ ಅಂಕಿಯೂ ಸೇರಿ ಆ ಹದಿನೈದು ದಿನಗಳಲ್ಲಿ ಅದು ಎಷ್ಟನೆಯದೆಂದು ತಿಳಿಸುತ್ತವೆ. ಮಕ್ಕಳಿಗೆ ಇದನ್ನು ಬಿಡಿಸಿ ತೋರಿಸಲು ನಾನು ಆರಿಸಿಕೊಂಡದ್ದು 1988 ಡಿಕ್ಯೂ1. ಡಿ ಎಂದರೆ ಫೆಬ್ರವರಿಯ ಎರಡನೆಯರ್ಧ. ಇಲ್ಲೂ ಐ ಬಿಟ್ಟು ಎಣಿಸಿದರೆ ಕ್ಯೂ ಹದಿನಾರನೆಯ ಅಕ್ಷರ, 1 ಎಂದರೆ ಇಪ್ಪತ್ತೈದರ ಒಂದು ಸುತ್ತು ಮುಗಿದಿದೆ, ಆದ್ದರಿಂದ ಆ ಅವಧಿಯ ನಲವತ್ತೊಂದನೆಯದು. ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರಿನಲ್ಲಿ 45 ಸೆಂ.ಮೀ. ಶ್ಮಿಟ್ ದೂರದರ್ಶಕದಿಂದ ಆರ್. ರಾಜಮೋಹನ್ ಅವರು 1988ರ ಫೆಬ್ರವರಿ 17ರಂದು ಕಂಡ ಕ್ಷುದ್ರಗ್ರಹವದು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದೇ ಆ ವೀಕ್ಷಣಾಲಯ. ಕಕ್ಷೆ ಗಟ್ಟಿಯಾಗಿ 4130 ಎಂಬ ಶಾಶ್ವತ ಸಂಖ್ಯೆ ಸಿಕ್ಕ ಮೇಲೆ ಅದಕ್ಕೆ ರಾಮಾನುಜನ್ ಎಂದು ಹೆಸರಾಯಿತು. ಸಂಖ್ಯೆ ಸಿಗುವುದಕ್ಕೆ ಸಾಮಾನ್ಯವಾಗಿ ಹಲವು ವರ್ಷಗಳ ವೀಕ್ಷಣೆ ಬೇಕು, ಸಂಖ್ಯೆ ಬರುವವರೆಗೆ ಯಾರೂ ಹೆಸರನ್ನು ಸೂಚಿಸುವಂತಿಲ್ಲ. ನಮ್ಮ ಮಕ್ಕಳು ಆಗಲೇ ಹೆಸರು ಆರಿಸಿ ಇಟ್ಟುಕೊಂಡಿದ್ದರು, ಅದನ್ನು ನನಗೂ ಹೇಳಿರಲಿಲ್ಲ.

ಚುಕ್ಕಿಯ ಗಾತ್ರ ಎಷ್ಟೆಂದು ಮಕ್ಕಳು ಕೇಳದ ದಿನವಿಲ್ಲ. ಕಕ್ಷೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಉತ್ತರಿಸಲು ಪ್ರಯತ್ನಿಸಬಹುದಾಗಿತ್ತು. ನಾವು ನೋಡಿದ ರಾತ್ರಿ ಅದು ಸೂರ್ಯನಿಂದ ಸುಮಾರು 2.5 ಖಗೋಳಮಾನ, ನಮ್ಮಿಂದ ಸುಮಾರು 1.5 ಖಗೋಳಮಾನ ದೂರದಲ್ಲಿತ್ತು. ಒಂದು ಖಗೋಳಮಾನವೆಂದರೆ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ, ಸುಮಾರು 15 ಕೋಟಿ ಕಿಲೋಮೀಟರ್. ಈ ದೂರಗಳ ಪರಿಣಾಮವನ್ನು ತೆಗೆದುಹಾಕಿ, ಎರಡೂ ದೂರಗಳು ಒಂದೊಂದೇ ಖಗೋಳಮಾನವಾಗಿದ್ದರೆ ಅದು ಎಷ್ಟು ಬೆಳಗುತ್ತಿತ್ತು ಎಂದು ಲೆಕ್ಕಹಾಕಿದರೆ ಬರುವುದು ನಿರಪೇಕ್ಷ ಕಾಂತಿಮಾನ. ನಮ್ಮದಕ್ಕೆ ಅದು 18ರ ಹತ್ತಿರ. ಆದರೆ ಬೆಳಕಿನಿಂದ ಗಾತ್ರಕ್ಕೆ ಹೋಗುವಾಗ ನಡುವೆ ಇನ್ನೊಂದು ಅಡ್ಡಿಯಿದೆ, ಅದು ಬಣ್ಣದ ವಿಷಯ. ಕಲ್ಲು ಎಷ್ಟು ಕಪ್ಪು?

ಇದಕ್ಕೆ ಮಾತಿಗಿಂತ ಪ್ರಯೋಗವೇ ಮೇಲೆನಿಸಿತು. ಕೊಠಡಿಯ ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿ, ಮೇಜಿನ ಮೇಲೆ ಬಿಸಿಯೂಟದ ಅಡುಗೆಮನೆಯಿಂದ ತಂದ ಇದ್ದಿಲಿನ ಒಂದು ದಪ್ಪ ಗಟ್ಟಿಯನ್ನೂ ಸೀಮೆಸುಣ್ಣದ ಒಂದು ತುಂಡನ್ನೂ ಇಟ್ಟು ಒಂದೇ ಟಾರ್ಚಿನ ಬೆಳಕು ಬಿಟ್ಟೆ. ಮಕ್ಕಳು ಕೊಠಡಿಯ ಇನ್ನೊಂದು ತುದಿಯಿಂದ ನೋಡಿದರು. ಸೀಮೆಸುಣ್ಣವನ್ನು ಮುರಿದು ಮುರಿದು ಚಿಕ್ಕದು ಮಾಡುತ್ತ ಹೋದೆ. ಅದು ಕಡಲೆಕಾಳಿಗಿಂತ ಚಿಕ್ಕದಾದ ಮೇಲೆ, ಎರಡರಲ್ಲಿ ಯಾವುದು ಹೆಚ್ಚು ಬೆಳಗುತ್ತಿದೆಯೆಂದು ಹೇಳಲಾಗುತ್ತಿಲ್ಲವೆಂದರು. ಇದ್ದಿಲು ಅಷ್ಟು ದೊಡ್ಡದಿತ್ತು, ಸುಣ್ಣ ಇಷ್ಟೇ ಇತ್ತು, ದೂರದವರಿಗೆ ಎರಡೂ ಒಂದೇ ಬೆಳಕು. ಕ್ಷುದ್ರಗ್ರಹಗಳಲ್ಲೂ ಹೀಗೆಯೇ. ಇಂಗಾಲಯುಕ್ತವಾದ ಸಿ ವರ್ಗದವು ಬಿದ್ದ ಬೆಳಕಿನಲ್ಲಿ ಶೇಕಡಾ ಐದರಷ್ಟನ್ನು ಮಾತ್ರ ಹಿಂದಿರುಗಿಸುತ್ತವೆ. ಸಿಲಿಕೇಟ್ ಕಲ್ಲಿನ ಎಸ್ ವರ್ಗದವು ಶೇಕಡಾ ಇಪ್ಪತ್ತೈದರವರೆಗೂ ಹಿಂದಿರುಗಿಸಬಲ್ಲವು. ನಿರಪೇಕ್ಷ ಕಾಂತಿಮಾನ 18 ಆಗಿರುವ ನಮ್ಮ ಚುಕ್ಕಿ ಮೊದಲನೆಯ ಬಗೆಯದಾದರೆ ಅದರ ವ್ಯಾಸ ಸುಮಾರು ಒಂದೂವರೆ ಕಿಲೋಮೀಟರ್, ಎರಡನೆಯ ಬಗೆಯದಾದರೆ ಸುಮಾರು 670 ಮೀಟರ್. ವ್ಯಾಸದಲ್ಲಿ ಎರಡು ಪಟ್ಟಿಗೂ ಹೆಚ್ಚು ವ್ಯತ್ಯಾಸವೆಂದರೆ ಘನಗಾತ್ರದಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಅದರ ಬಣ್ಣವನ್ನೋ ಶಾಖವನ್ನೋ ಅಳೆಯುವವರೆಗೆ ಇದಕ್ಕಿಂತ ಹೆಚ್ಚು ಹೇಳುವುದು ಪ್ರಾಮಾಣಿಕವಲ್ಲ. ಒಂದು ಕಪ್ಪು ಕಲ್ಲು ಬಿಸಿಲನ್ನು ಹೆಚ್ಚು ಹೀರಿ ಹೆಚ್ಚು ಶಾಖ ಸೂಸುತ್ತದೆಯಾದ್ದರಿಂದ ಅವಕೆಂಪು ಬೆಳಕಿನಲ್ಲಿ ನೋಡುವ ದೂರದರ್ಶಕಗಳು ಈ ಗೊಂದಲವನ್ನು ಬಿಡಿಸಬಲ್ಲವು. ಆದರೆ ಇಷ್ಟು ಮಸುಕಾದ ಪ್ರತಿಯೊಂದು ಚುಕ್ಕಿಯ ಸರದಿಯೂ ಬರುತ್ತದೆಂದು ನಿರೀಕ್ಷಿಸುವಂತಿಲ್ಲ.

ಆಕಾರದ ಪ್ರಶ್ನೆಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಉದ್ದುದ್ದ ಆಲೂಗಡ್ಡೆಯಂತಹ ಕಲ್ಲು ತಿರುಗುವಾಗ ಅದರ ಅಗಲದ ಮೈ ನಮ್ಮ ಕಡೆಗಿದ್ದಾಗ ಹೆಚ್ಚು ಬೆಳಕು, ತುದಿ ನಮ್ಮ ಕಡೆಗಿದ್ದಾಗ ಕಡಿಮೆ. ಒಂದು ಸುತ್ತಿಗೆ ಸಾಮಾನ್ಯವಾಗಿ ಎರಡು ಏರು, ಎರಡು ಇಳಿತ. ಅವನ್ನು ಗಂಟೆಗಟ್ಟಲೆ ಅಳೆದರೆ ತಿರುಗುವ ಅವಧಿಯೂ ಆಕಾರದ ಅಂದಾಜೂ ಸಿಗುತ್ತವೆ. ನಮ್ಮ ನಾಲ್ಕು ಅಳತೆಗಳ ಕಾಂತಿಮಾನಗಳು ಅತ್ತಿತ್ತ ಸ್ವಲ್ಪ ಬೇರೆಯಾಗಿದ್ದವಾದರೂ ಆ ವ್ಯತ್ಯಾಸ ಗದ್ದಲಕ್ಕಿಂತ ಹೆಚ್ಚಿರಲಿಲ್ಲವಾದ್ದರಿಂದ, ನಮ್ಮ ಚುಕ್ಕಿ ತಿರುಗುತ್ತದೆಯೆಂದು ನಂಬಬಹುದಾಗಿತ್ತೇ ಹೊರತು ತೋರಿಸುವಂತಿರಲಿಲ್ಲ. ಹಾಗಾಗಿ ನಾನು ಮಕ್ಕಳಿಗೆ ಸಿಲ್ವಿಯಾದ ಕಥೆ ಹೇಳಿದೆ. ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪೊಗ್ಸನ್ ಅವರು 1861ರಲ್ಲಿ ಏಷ್ಯಾ ಎಂಬ ಕ್ಷುದ್ರಗ್ರಹವನ್ನು ಕಂಡರು, ಏಷ್ಯಾ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಆ ಹೆಸರು. 1866ರಲ್ಲಿ ಅಲ್ಲಿಂದಲೇ ಸಿಲ್ವಿಯಾವನ್ನು ಕಂಡರು. ಅವರ ಕಣ್ಣಿಗೂ ಅದು ಬರೀ ಚುಕ್ಕಿಯೇ. ಮುಂದೆ ಬೆಳಕಿನ ಏರಿಳಿತದಿಂದ ಅದು 5 ಗಂಟೆ 11 ನಿಮಿಷಕ್ಕೊಮ್ಮೆ ತಿರುಗುವ ನೀಳ ಕಾಯವೆಂದು ತಿಳಿಯಿತು. ಸರಾಸರಿ ವ್ಯಾಸ ಸುಮಾರು 270 ಕಿಲೋಮೀಟರ್. 2001ರಲ್ಲಿ ಅದಕ್ಕೊಂದು ಪುಟ್ಟ ಉಪಗ್ರಹವಿರುವುದು ಗೊತ್ತಾಯಿತು, 2005ರಲ್ಲಿ ಎರಡನೆಯದನ್ನು ಪ್ರಕಟಿಸಿದರು. ಎರಡು ಉಪಗ್ರಹಗಳಿರುವ ಕ್ಷುದ್ರಗ್ರಹವೆಂದು ತಿಳಿದ ಮೊದಲನೆಯದು ಅದೇ. ಉಪಗ್ರಹ ಸುತ್ತುವ ಅವಧಿಯಿಂದ ತಾಯಿಯ ದ್ರವ್ಯರಾಶಿ ಸಿಗುತ್ತದೆ, ದ್ರವ್ಯರಾಶಿಯಿಂದ ಸಾಂದ್ರತೆ. ಅದು ನೀರಿಗಿಂತ ಸ್ವಲ್ಪವೇ ಹೆಚ್ಚು. ಗಟ್ಟಿ ಬಂಡೆಯಾಗಿದ್ದರೆ ಅಷ್ಟು ಹಗುರವಾಗಿರುವುದು ಸಾಧ್ಯವಿಲ್ಲ. ಒಳಗೆ ಟೊಳ್ಳುಗಳಿರುವ, ಹಳೆಯ ಘರ್ಷಣೆಯೊಂದರ ಚೂರುಗಳು ಗುರುತ್ವದಿಂದ ಕೂಡಿಕೊಂಡಿರುವ ಕಲ್ಲುರಾಶಿ ಅದು. ಚುಕ್ಕಿ ಕಂಡದ್ದಕ್ಕೂ ಒಳಗಿನ ಟೊಳ್ಳು ತಿಳಿದದ್ದಕ್ಕೂ ನಡುವೆ ಸುಮಾರು ನೂರ ನಲವತ್ತು ವರ್ಷ. ಮದರಾಸಿನ ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕನಾಲಿನ ಮೂಲಕ ಬೆಂಗಳೂರಿನ ಸಂಸ್ಥೆಗೆ ಹರಿದು ಬಂದಿದೆ.

ನಮ್ಮ ಚುಕ್ಕಿಯ ದಾಖಲೆಯನ್ನು ನಾನು ತಿಂಗಳಿಗೊಮ್ಮೆ ತೆರೆದು ನೋಡುತ್ತಿದ್ದೆ. ಮರುವರ್ಷದ ಸೆಪ್ಟೆಂಬರಿನ ಒಂದು ರಾತ್ರಿ ತೆರೆದಾಗ ಹೆಸರೇ ಬೇರೆಯಾಗಿತ್ತು. ನಮ್ಮ ವಸ್ತುವಿನ ಕಕ್ಷೆಯನ್ನು ಹಿಂದಕ್ಕೆ ಓಡಿಸಿ ನೋಡಿದವರಿಗೆ, ಕೆಲವು ವರ್ಷಗಳ ಹಿಂದೆ ಬೇರೊಂದು ಸಮೀಕ್ಷೆಯವರು ಎರಡು ರಾತ್ರಿ ಕಂಡು, ಆಮೇಲೆ ಕಳೆದುಹೋಗಿದ್ದ ವಸ್ತುವಿಗೆ ಅದು ಸರಿಯಾಗಿ ಹೊಂದಿತ್ತು. ಎರಡೂ ಒಂದೇ ಎಂದಾದ ಮೇಲೆ ಹಳೆಯ ಹೆಸರೇ ಮುಖ್ಯವಾಯಿತು, ನಮ್ಮ ಕಾಲದ ಹೆಸರು ಅದರ ಕೆಳಗೆ ಎರಡನೆಯ ಸಾಲಾಯಿತು. ಕಂಡುಹಿಡಿದ ಮನ್ನಣೆಯ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ, ಅದು ನ್ಯಾಯವಾಗಿಯೂ ಇದೆ. ಎರಡನೆಯ ರಾತ್ರಿಯನ್ನು ಮೊದಲು ಗಿಟ್ಟಿಸಿಕೊಂಡವರು ಅವರು. ಇದನ್ನು ಮಕ್ಕಳಿಗೆ ಹೇಳುವುದು ನನಗೆ ಸುಲಭವಾಗಿರಲಿಲ್ಲ. ಮೂವರೂ ಹತ್ತನೆಯ ತರಗತಿಗೆ ಬಂದಿದ್ದರು. ಕೇಳಿ ಹುಡುಗಿಯ ಕಣ್ಣು ತುಂಬಿತು, ನಾನು ಸಮಾಧಾನದ ಮಾತೇನೂ ಆಡಲಿಲ್ಲ. ಬದಲಿಗೆ ದಾಖಲೆಯನ್ನೇ ತೆರೆದು ತೋರಿಸಿದೆ. ಅಳತೆಗಳ ಉದ್ದನೆಯ ಪಟ್ಟಿಯಲ್ಲಿ, ಮೊದಲಿನ ಹಳೆಯ ಸಾಲುಗಳಾದ ಮೇಲೆ, ಎಫ್51 ಎಂದು ಕೊನೆಗೊಳ್ಳುವ ನಮ್ಮ ನಾಲ್ಕು ಸಾಲುಗಳು ಇದ್ದವು. ಆ ನಾಲ್ಕು ಇಲ್ಲದಿದ್ದರೆ ಆಗಸ್ಟಿನ ಅಳತೆಗಳೊಂದಿಗೆ ಸೇರಲು ಏನೂ ಇರುತ್ತಿರಲಿಲ್ಲ, ಹಳೆಯದು ಕಳೆದೇ ಇರುತ್ತಿತ್ತು. ಕಕ್ಷೆಯ ಅನಿಶ್ಚಿತತೆಗೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ, ಹೆಚ್ಚಾದಷ್ಟೂ ಅನುಮಾನ ಹೆಚ್ಚು. ಹಿಂದಿನ ವರ್ಷ 8 ಇದ್ದದ್ದು ಈಗ 3ಕ್ಕೆ ಇಳಿದಿತ್ತು. ಆ ಕಾಯ ಸೂರ್ಯನನ್ನು ಒಂದು ಸಲ ಸುತ್ತಲು ನಾಲ್ಕು ವರ್ಷ ಎರಡು ತಿಂಗಳು ತೆಗೆದುಕೊಳ್ಳುತ್ತದೆ ಎಂದು ಈಗ ನೆಚ್ಚಿಕೆಯಿಂದ ಹೇಳಬಹುದಾಗಿತ್ತು. ಹುಡುಗ ಲೆಕ್ಕಹಾಕಿದ: ಹಾಗಾದರೆ ಭೂಮಿ ಅದನ್ನು ಮತ್ತೆ ಹಿಂದಿಕ್ಕುವುದು ಸುಮಾರು ಹದಿನಾರು ತಿಂಗಳಿಗೊಮ್ಮೆ. ಜುಲೈಗೆ ಹದಿನಾರು ತಿಂಗಳು ಸೇರಿಸಿದರೆ ನವೆಂಬರ್.

ಕಾರ್ತಿಕದ ಹುಣ್ಣಿಮೆ ಕಳೆದು ಒಂದು ವಾರದ ಮೇಲೆ, ಚಂದ್ರ ಇನ್ನೂ ಮೂಡದ ಹೊತ್ತಿನಲ್ಲಿ, ನಾವು ನಾಲ್ವರೂ ಶಾಲೆಯ ಮೈದಾನದಲ್ಲಿ ನಿಂತಿದ್ದೆವು. ಮಳೆಗಾಲ ಮುಗಿದು ಆಕಾಶ ತೊಳೆದಂತಿತ್ತು. ಲೆಕ್ಕದ ಪ್ರಕಾರ ಆ ರಾತ್ರಿ ನಮ್ಮ ಚುಕ್ಕಿ ಕೃತ್ತಿಕೆಯ ಗೊಂಚಲಿನಿಂದ ಕೆಲವು ಡಿಗ್ರಿ ದಕ್ಷಿಣಕ್ಕಿತ್ತು. ನಮ್ಮಲ್ಲಿರುವ ಆರು ಅಂಗುಲದ ದೂರದರ್ಶಕಕ್ಕೆ ಅದು ಕಾಣುವ ಮಾತೇ ಇರಲಿಲ್ಲ, ಆದರೂ ಹುಡುಗಿ ದೂರದರ್ಶಕವನ್ನು ಆ ನಿರ್ದೇಶಾಂಕಗಳಿಗೆ ತಿರುಗಿಸಿ, ನೋಟದಲ್ಲಿ ಕಂಡ ಐದು ನಕ್ಷತ್ರಗಳನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಅವುಗಳ ನಡುವೆ ಪೆನ್ಸಿಲಿನಿಂದ ಒಂದು ಸಣ್ಣ ಅಡ್ಡಗೆರೆ ಎಳೆದು, ಅದರ ಬಲತುದಿಗೆ ಒಂದು ಬಾಣದ ಗುರುತು ಹಾಕಿದಳು.